ಒಪ್ಪಿಕೊಂಡ ಮೇಲೂ ಸಿಟ್ಟು ಬರುತ್ತಿದೆ, ಯಾಕೆ?

ಪ್ರಶ್ನೆ: ಮೇಡಂ, ನಾನು ಟೀಚರ್ ಆಗಿದ್ದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ (ವಿಶ್ರಾಂತಿಗೂ ಬಗ್ಗದ, ಸ್ವಲ್ಪ ಶ್ರಮಕ್ಕೂ ಹೆಚ್ಚುವ ಸುಸ್ತಿನ ದೀರ್ಘ ಕಾಯಿಲೆ) ಅಂತ ಗೊತ್ತಾದ ಮೇಲೆ ಕೆಲಸ ಬಿಟ್ಟೆ. ಅತ್ತಿದ್ದು, ಕೂಗಾಡಿದ್ದು ಎಲ್ಲ ಮುಗಿದು, ಇನ್ನು ಒಪ್ಪಿಕೊಂಡೆ ಅಂದುಕೊಂಡಿದ್ದೆ. ಹೋದ ವಾರ ಹುಷಾರಾಗಿದ್ದೇನೆ ಅನ್ನಿಸಿ ಬೀರು ಪೂರ್ತಿ ಖಾಲಿ ಮಾಡಿ ಜೋಡಿಸಿದೆ. ಎರಡನೇ ದಿನ ಹಾಸಿಗೆ ಹಿಡಿದೆ. ಈಗ ಎಲ್ಲರ ಮೇಲೂ ಸಿಟ್ಟು. ಮತ್ತೆ ಮೊದಲನೇ ಹಂತಕ್ಕೇ ಬಂದೆನಾ? ನಮ್ಮ ಯಜಮಾನರು 'ಮನಸ್ಸು ಮಾಡಿದ್ರೆ ಓಡಾಡಬಹುದು' ಅನ್ನುತ್ತಾರೆ.

ಉತ್ತರ: ದುಃಖದ ಹಂತಗಳು ಶಾಲೆಯ ತರಗತಿಗಳಲ್ಲ, ಟೀಚರ್. ಪಾಸಾದರೂ ಹಿಂದಕ್ಕೆ ಹೋಗಬೇಕಾಗುತ್ತದೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ. ನಿಮ್ಮ ಕಾಯಿಲೆಯ ದಾರಿಯೇ ಬೇರೆ. ಏರುತ್ತದೆ, ಇಳಿಯುತ್ತದೆ. ಮೈ ಕೈಕೊಟ್ಟಾಗಲೆಲ್ಲ ದುಃಖವೂ ಹೊಸದಾಗಿಯೇ ಬರುತ್ತದೆ. ಈ ಕಾಯಿಲೆಯವರ ಜೊತೆ ಕೆಲಸ ಮಾಡಿದ ಪೆಟ್ರೀಷಿಯಾ ಫೆನೆಲ್ ನಾಲ್ಕು ಘಟ್ಟ ಹೇಳಿದರು. ಕಾಯಿಲೆ ಮರುಕಳಿಸಿದರೆ ಮೊದಲ ಘಟ್ಟವಾದ ಬಿಕ್ಕಟ್ಟಿಗೇ ಮರಳಬಹುದು ಅಂತಲೂ ಹೇಳಿದರು.

ನನಗೆ ನಿಮ್ಮ ಸಿಟ್ಟಿಗಿಂತ ಆ ಬೀರುವಿನದ್ದೇ ಚಿಂತೆ. ಅದು ಚೌಕಾಸಿ. 'ಇದೊಂದು ಮುಗಿಸಿಬಿಟ್ಟರೆ ನಾನು ಮೊದಲಿನ ಹಾಗೇ' ಅಂತ ಮನಸ್ಸು ಒಳಗೇ ವ್ಯಾಪಾರ ಶುರು ಮಾಡುತ್ತದೆ. ನೋಡೋಕೆ ಉತ್ಸಾಹದ ಥರಾನೇ ಇರುತ್ತದೆ, ಅದಕ್ಕೇ ಸಿಕ್ಕಿಬೀಳುವುದಿಲ್ಲ. ಶ್ರಮದ ಪೆಟ್ಟು ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬೀಳುವುದರಿಂದ ಯಾವುದರಿಂದ ಹೀಗಾಯಿತು ಅಂತಲೂ ಹೊಳೆಯುವುದಿಲ್ಲ. ಇನ್ನೊಮ್ಮೆ ಹುಷಾರು ಅನ್ನಿಸಿದ ದಿನ ಬೀರುವಿನ ಒಂದೇ ಒಂದು ಖಾನೆ ಜೋಡಿಸಿ, ಅದೂ ಕೂತುಕೊಂಡು. ಸುಸ್ತಾಗುವ ಮುಂಚೆಯೇ ನಿಲ್ಲಿಸಿ. ಉಳಿದ ಬಟ್ಟೆ ಹಾಗೇ ಬಿದ್ದಿರಲಿ. ಅದನ್ನು ನೋಡಿಕೊಂಡು ಸುಮ್ನೆ ಮಲಗುವುದಿದೆಯಲ್ಲ, ಕೈ ಎಷ್ಟು ತುರಿಸುತ್ತದೆ! ಒಪ್ಪಿಗೆ ಅಂದರೆ ನನ್ನ ಲೆಕ್ಕದಲ್ಲಿ ಅಷ್ಟೇ. ಅದನ್ನು ದಿನಾ ಮಾಡಬೇಕು, ಸಿಟ್ಟು ಬಂದ ದಿನವೂ.

ಯಜಮಾನರಿಗೆ ಇದನ್ನು ಓದಿಸಿ: 'ವ್ಯಾಯಾಮ ಜಾಸ್ತಿ ಮಾಡುತ್ತಾ ಹೋದರೆ ಸರಿಹೋಗುತ್ತದೆ' ಎಂಬ ಹಳೆಯ ಚಿಕಿತ್ಸೆಯನ್ನು ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಬೇಡವೆಂದಿತು. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೂಡ ಆಸರೆಗೆ ಮಾತ್ರ, ಕಾಯಿಲೆ ವಾಸಿ ಮಾಡುವುದಿಲ್ಲ ಅಂತಲೂ ಹೇಳಿತು. ಸರಿಯಾಗೇ ಹೇಳಿತು.

ಒಂದು ಮಾತ್ರ ಗಮನಿಸಿ. ಈಗ ನಿಮಗೆ ಮಾಡುವ ಆಸೆ ಇದೆ, ಮೈ ಕೇಳುತ್ತಿಲ್ಲ. ಆ ಆಸೆಯೇ ಹೋಗಿಬಿಟ್ಟರೆ, ಸಾಯುವ ಯೋಚನೆ ಬಂದರೆ, ಅದು ಬೇರೆ ವಿಷಯ. ಅವತ್ತೇ ಡಾಕ್ಟರಿಗೆ ಹೇಳಿ, ನನ್ನ ಉತ್ತರಕ್ಕೆ ಕಾಯಬೇಡಿ.