ಕ್ಯಾಂಪಿಂಗ್‌ಗೆ ಫಿಕ್ಸೆಡ್ ಬ್ಲೇಡ್ ಚಾಕು: ಸ್ಕ್ಯಾಂಡಿ, ಫುಲ್ ಫ್ಲಾಟ್, ಕಾನ್ವೆಕ್ಸ್ ಇವುಗಳಲ್ಲಿ ಯಾವುದು?

ನೀವು ಕೇಳಿದ್ದು ಇಷ್ಟು: ಇರುವುದು ಹುಬ್ಬಳ್ಳಿಯಲ್ಲಿ, ರಜೆ ಸಿಕ್ಕಾಗ ಕಲಘಟಗಿ, ದಾಂಡೇಲಿ ಕಡೆ ಗೆಳೆಯರ ಜೊತೆ ಟೆಂಟ್ ಹಾಕುತ್ತೀರಿ. 3,000 ರೂಪಾಯಿ ಒಳಗೆ ಮಡಚದ ಚಾಕು ಒಂದು ಬೇಕು. ವಿಡಿಯೋ ನೋಡಿ ನೋಡಿ ಗ್ರೈಂಡ್, ಅಂದರೆ ಅಲಗನ್ನು ಸವೆಸಿದ ಆಕಾರದ ವಿಷಯದಲ್ಲಿ ತಲೆ ಕೆಟ್ಟಿದೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಸ್ವೀಡನ್ನಿನ ಮೊರಾ ಕಂಪನಿಯ ಕಂಪ್ಯಾನಿಯನ್, ಸ್ಕ್ಯಾಂಡಿ ಗ್ರೈಂಡಿನದು, 2.5 ಮಿಮೀ ದಪ್ಪದ್ದು, ಸ್ಟೇನ್‌ಲೆಸ್. ಕಡಿಯುವ ಕೆಲಸಕ್ಕೆ ಊರಿನ ಕಂಬಾರನ ಹತ್ತಿರ ಒಂದು ಕೈಗೊಡಲಿ. ಇಷ್ಟು ಸಾಕು ಅಂದರೆ ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಬೇಕಿದ್ದರೆ ಮುಂದೆ ಓದಿ. ನಾನು ಗೋಕುಲ ರಸ್ತೆಯ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುವವನು, ಲೋಹ ಸವೆಸುವುದೇ ದಿನದ ಕಸುಬು. ಹಾಗಾಗಿ ಸ್ವಲ್ಪ ಉದ್ದ ಆದೀತು.

ಅಲಗಿನ ಬೆನ್ನಿನಿಂದ ಬಾಯಿಯ ತನಕ ಲೋಹವನ್ನು ಯಾವ ಆಕಾರದಲ್ಲಿ ಸವೆಸಿದ್ದಾರೆ ಅನ್ನುವುದೇ ಗ್ರೈಂಡ್. ಜನ ಸ್ಟೀಲಿನ ಹೆಸರು ಹಿಡಿದು ಜಗಳ ಆಡುತ್ತಾರೆ. ಆದರೆ ಚಾಕು ಕೈಯಲ್ಲಿ ಹೇಗೆ ನಡೆಯುತ್ತದೆ ಅನ್ನುವುದನ್ನು ಗ್ರೈಂಡ್ ಮತ್ತು ದಪ್ಪವೇ ಜಾಸ್ತಿ ತೀರ್ಮಾನ ಮಾಡುತ್ತವೆ. ಸ್ಟೀಲ್ ಆಮೇಲಿನ ಮಾತು, ಬ್ರ್ಯಾಂಡ್ ಕೊನೆಗೆ.

ಸ್ಕ್ಯಾಂಡಿಯಲ್ಲಿ ಅಲಗಿನ ಮೇಲಿನ ಭಾಗ ಚಪ್ಪಟೆ, ಒಂದೇ ದಪ್ಪ. ಕೆಳಗೆ ಒಂದೇ ಒಂದು ಇಳಿಜಾರು ನೇರವಾಗಿ ಬಾಯಿಗೆ ಬಂದು ಮುಗಿಯುತ್ತದೆ. ಮೊರಾ ಚಾಕುಗಳಲ್ಲಿ ಎರಡೂ ಬದಿ ಸೇರಿ ಕೋನ ಸುಮಾರು 25 ಡಿಗ್ರಿ. ಈ ಇಳಿಜಾರನ್ನು ಕಟ್ಟಿಗೆಯ ಮೇಲೆ ಒರಗಿಸಿ ತಳ್ಳಿದರೆ ಚಾಕು ದಾರಿ ತಪ್ಪುವುದಿಲ್ಲ. ಟೆಂಟಿನ ಗೂಟ ಕೆತ್ತುವುದು, ಬೆಂಕಿ ಹಚ್ಚಲು ತೆಳು ಸಿಪ್ಪೆ ಎಬ್ಬಿಸುವುದು, ಬಿದಿರು ಸೀಳುವುದು ಇವೆಲ್ಲ ಹೊಸಬರ ಕೈಗೂ ಬೇಗ ಹತ್ತುತ್ತವೆ. ಮಸೆಯುವಾಗಲೂ ಅಷ್ಟೇ. ಇಳಿಜಾರನ್ನೇ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನೇ ಸಿಗುತ್ತದೆ, ಅಂದಾಜು ಹಾಕಬೇಕಿಲ್ಲ.

ಇಲ್ಲಿ ದಪ್ಪದ ಲೆಕ್ಕ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. 25 ಡಿಗ್ರಿ ಇಟ್ಟುಕೊಂಡರೆ 2.5 ಮಿಮೀ ಅಲಗಿನಲ್ಲಿ ಇಳಿಜಾರಿನ ಎತ್ತರ ಸುಮಾರು 5.6 ಮಿಮೀ ಬರುತ್ತದೆ. 3.2 ಮಿಮೀ ಅಲಗಾದರೆ 7.2. ಅದೇ 5 ಮಿಮೀ ದಪ್ಪದ್ದಾದರೆ 11 ಮಿಮೀ ದಾಟುತ್ತದೆ. ಅಷ್ಟಗಲದ ಮುಖವನ್ನು ಕೈಯಿಂದ ಕಲ್ಲಿಗೆ ಉಜ್ಜಿ ಸಪಾಟು ಮಾಡಲು ಕೂತರೆ ಸಂಜೆಯಾಗುತ್ತದೆ. ತಯಾರಿಸುವವರು ಇದನ್ನು ತಪ್ಪಿಸಲು ಕೋನವನ್ನೇ ದೊಡ್ಡದು ಮಾಡುತ್ತಾರೆ, ಆಗ ಚಾಕು ಕೊಯ್ಯುವುದಿಲ್ಲ, ಬರೀ ಒತ್ತುತ್ತದೆ. ಅದಕ್ಕೇ 'ಹೆವಿ ಡ್ಯೂಟಿ' ಅಂತ ಬರೆದ 5 ಮಿಮೀ ಸ್ಕ್ಯಾಂಡಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನೋಡಲು ಮಾತ್ರ ಗತ್ತು.

ಸ್ಕ್ಯಾಂಡಿಯ ಕೊರತೆ ಗೊತ್ತಾಗುವುದು ಅಡುಗೆಯಲ್ಲಿ. ಈರುಳ್ಳಿ ಹೆಚ್ಚಲು ಹೋಗಿ, ಅರ್ಧಕ್ಕೆ ಇಳಿದ ಮೇಲೆ ಅಲಗಿನ ಭುಜ, ಅಂದರೆ ಇಳಿಜಾರು ಶುರುವಾಗುವ ದಪ್ಪ ಅಂಚು ತಾಗಿ ಹೋಳು ಸಿಡಿಯುತ್ತದೆ. ಗಜ್ಜರಿಯಂತೂ ಟಪ್ ಅಂತ ಮುರಿಯುತ್ತದೆ. ಫುಲ್ ಫ್ಲಾಟ್ ಗ್ರೈಂಡ್ ಇಲ್ಲಿ ಗೆಲ್ಲುತ್ತದೆ. ಬೆನ್ನಿನಿಂದಲೇ ಸಣ್ಣಗಾಗುತ್ತ ಬಂದು, ಕೊನೆಗೆ ಒಂದು ಚಿಕ್ಕ ಎರಡನೇ ಇಳಿಜಾರು ಇರುತ್ತದೆ. ಅಡುಗೆಮನೆಯ ಚಾಕುಗಳು ಹೆಚ್ಚಾಗಿ ಇದೇ ಜಾತಿ. ಅಮೆರಿಕದ ಇಎಸ್ಇಇ-4 ಈ ಗ್ರೈಂಡಿನದು, 1095 ಕಾರ್ಬನ್ ಸ್ಟೀಲ್. ಒಳ್ಳೆಯ ಚಾಕು, ಆದರೆ ನಿಮ್ಮ ಬಜೆಟ್ ಮೀರಿದ್ದು. ಫುಲ್ ಫ್ಲಾಟ್ ಮಸೆಯುವಾಗ ಆ ಚಿಕ್ಕ ಇಳಿಜಾರಿನ ಕೋನವನ್ನು ಕೈಯೇ ಹಿಡಿಯಬೇಕು. ರೂಢಿಯಾಗುವ ತನಕ ಒಂದು ಬದಿ ಜಾಸ್ತಿ, ಇನ್ನೊಂದು ಬದಿ ಕಡಿಮೆ ಆಗುತ್ತದೆ. ಬಾಯಿಗೆ ಕಪ್ಪು ಮಾರ್ಕರ್ ಬಳಿದು ಕಲ್ಲಿಗೆ ಎಳೆದು ನೋಡಿ, ಮಸಿ ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ ಅಂತ ಅರ್ಥ.

ಕಾನ್ವೆಕ್ಸ್ ಅಂದರೆ ಇಳಿಜಾರು ಹೊರಗೆ ಉಬ್ಬಿರುವುದು. ಬಾಯಿಯ ಹಿಂದೆ ಲೋಹ ತುಂಬಿಕೊಂಡಿರುವುದರಿಂದ ಏಟು ತಡೆಯುತ್ತದೆ, ಕಟ್ಟಿಗೆಯಲ್ಲಿ ಕಚ್ಚಿಕೊಳ್ಳದೆ ಸೀಳಿಕೊಂಡು ಹೋಗುತ್ತದೆ. ಸ್ವೀಡನ್ನಿನ ಫಾಲ್ಕ್ನಿವೆನ್ ಎಫ್1 ಇದಕ್ಕೆ ಹೆಸರಾದದ್ದು, ಬೆಲೆಯೂ ಹಾಗೇ ಇದೆ. ಆದರೆ ಕಾನ್ವೆಕ್ಸ್ ನೋಡಲು ಸ್ವೀಡನ್ನಿಗೆ ಹೋಗಬೇಕಿಲ್ಲ. ನಿಮ್ಮ ಅಜ್ಜನ ಕೊಡಲಿಯ ಬಾಯಿಯನ್ನು ಬದಿಯಿಂದ ನೋಡಿ. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ಕಲ್ಲಿನಿಂದ ಮಸೆದು ಮಸೆದು ಅದು ಉಬ್ಬಿಯೇ ಇರುತ್ತದೆ.

ಹಾಲೋ ಗ್ರೈಂಡ್, ಅಂದರೆ ಬದಿಗಳು ಒಳಕ್ಕೆ ತಗ್ಗಾಗಿರುವುದು, ಕ್ಷೌರದ ಕತ್ತಿಗೆ ಚೆಂದ, ಕಟ್ಟಿಗೆಗೆ ಬೇಡ. ಬಿಡಿ.

ಈಗ ನಮ್ಮ ಕಡೆಯ ಮಾತು. ಸ್ಕ್ಯಾಂಡಿ ಹುಟ್ಟಿದ್ದು ಬರ್ಚ್, ಪೈನ್ ಮರಗಳ ನಾಡಿನಲ್ಲಿ. ನಮ್ಮಲ್ಲಿ ಬೆಂಕಿಗೆ ಸಿಗುವುದು ಒಣ ಜಾಲಿ, ಬೇವು, ಬಿದಿರು. ಗದಗ, ಹಾವೇರಿ ಕಡೆಯ ಒಣಗಿದ ಜಾಲಿಯ ಗಂಟಿಗೆ ತೆಳು ಸ್ಕ್ಯಾಂಡಿ ಬಾಯಿ ಇಟ್ಟು ಮೇಲಿಂದ ಬಡಿದರೆ ಅದು ಮಡಚಿಕೊಳ್ಳುತ್ತದೆ, ಇಲ್ಲವೇ ಹಲ್ಲು ಬೀಳುತ್ತದೆ. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಮಸೆದು ಮುಗಿದ ಮೇಲೆ ಬೆನ್ನನ್ನು ಕೂದಲೆಳೆಯಷ್ಟು ಎತ್ತಿ, ಎರಡೂ ಬದಿಗೆ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಬಾಯಿಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಕೂರುತ್ತದೆ. ಮೈಕ್ರೋ ಬೆವೆಲ್ ಅನ್ನುತ್ತಾರೆ. ಕೆತ್ತುವ ಸುಖ ಅಷ್ಟೇನೂ ಕಡಿಮೆಯಾಗುವುದಿಲ್ಲ, ಬಾಳಿಕೆ ಹೆಚ್ಚುತ್ತದೆ. ಶುದ್ಧ ಸ್ಕ್ಯಾಂಡಿಯೇ ಬೇಕು ಅನ್ನುವವರು ಬೈಯಬಹುದು, ಬೈಯಲಿ. ಅವರಿಗೆ ಜಾಲಿ ಗಂಟು ಸಿಕ್ಕಿಲ್ಲ.

ಗಂಟಿನ ಕಟ್ಟಿಗೆ ಒಡೆಯುವುದು ಕೊಡಲಿಯ ಕೆಲಸ. ಕಂಪ್ಯಾನಿಯನ್ ಅಲಗಿನ ಲೋಹ ಹಿಡಿಕೆಯ ಕೊನೆಯ ತನಕ ಹೋಗುವುದಿಲ್ಲ, ಅಂದರೆ ಫುಲ್ ಟ್ಯಾಂಗ್ ಅಲ್ಲ. ಬೆರಳು ದಪ್ಪದ ಕಡ್ಡಿ ಸೀಳಲು ಏನೂ ತೊಂದರೆ ಇಲ್ಲ. ಮೊರಾದಲ್ಲೇ ಗಾರ್ಬರ್ಗ್ ಫುಲ್ ಟ್ಯಾಂಗ್, 3.2 ಮಿಮೀ. ಬೆನ್ನೂ ಚೌಕವಾಗಿರುವುದರಿಂದ ಬೆಂಕಿ ಹಚ್ಚುವ ಲೋಹದ ಕಡ್ಡಿ, ಅಂದರೆ ಫೆರೋ ರಾಡ್ ಉಜ್ಜಿದರೆ ಕಿಡಿ ಚೆನ್ನಾಗಿ ಬರುತ್ತದೆ. ದುಡ್ಡು ಮಾತ್ರ ಜಾಸ್ತಿ. ಕಂಪ್ಯಾನಿಯನ್ ಬೆನ್ನಿನ ಒಂದಿಂಚು ಜಾಗವನ್ನು ಅರದಿಂದ ಚೌಕ ಮಾಡಿಕೊಂಡರೆ ಅದೇ ಕೆಲಸ ಆಗುತ್ತದೆ.

ಕಾರ್ಬನ್ನೋ ಸ್ಟೇನ್‌ಲೆಸ್ಸೋ ಅಂದರೆ, ನೀವು ಹೋಗುವುದು ದಾಂಡೇಲಿ ಕಡೆ, ಮಳೆ ಇದೆ. ಲಿಂಬೆ, ಮಾವಿನಕಾಯಿ ಕೊಯ್ದು ಒರೆಸದೆ ಇಟ್ಟರೆ ಕಾರ್ಬನ್ ಬೆಳಗಾಗುವುದರೊಳಗೆ ಕಲೆ ಹಿಡಿಯುತ್ತದೆ. ದಿನಾ ಒರೆಸಿ ಎಣ್ಣೆ ಹಚ್ಚುವ ಶಿಸ್ತು ಇದ್ದರೆ ಕಾರ್ಬನ್ ತಗೊಳ್ಳಿ. ಇಲ್ಲದಿದ್ದರೆ ಮೊರಾದ ಸ್ಟೇನ್‌ಲೆಸ್ಸಿಗೆ ಏನೂ ಕೊರತೆ ಇಲ್ಲ.

ಲಾರಿ ಪಾಟಾದಿಂದ (ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ) ಕಂಬಾರರ ಹತ್ತಿರ ಮಾಡಿಸಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ. ಪಾಟಾ ಒಳ್ಳೆಯ ಸ್ಪ್ರಿಂಗ್ ಸ್ಟೀಲ್. ಆದರೆ ಹಳೆಯ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಕಾಸಿ ನೀರಿಗೆ ಅದ್ದಿದರೆ ಕೆಲವು ಸಲ ಅಲ್ಲೇ ಸೀಳುತ್ತದೆ, ಎಣ್ಣೆಗೆ ಅದ್ದಲು ಹೇಳಿ. ಅದ್ದಿದ ಮೇಲೆ ಅರ ಉಜ್ಜಿದರೆ ಅದು ಕಚ್ಚದೆ ಜಾರಬೇಕು. ಆಮೇಲೆ ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದೆರಡು ತಾಸು ಇಟ್ಟು ತಣಿಸಿ, ಇಲ್ಲವಾದರೆ ಗಾಜಿನಂತೆ ಒಡೆಯುತ್ತದೆ. ದಪ್ಪವನ್ನು 4 ಮಿಮೀಗೆ ಇಳಿಸಲು ಹೇಳಿ, ಅವರು ಹಾಗೇ ಬಿಟ್ಟರೆ ಮಚ್ಚಾಗುತ್ತದೆ. ಇದಕ್ಕೆ ಕಾನ್ವೆಕ್ಸ್ ಬಾಯಿಯೇ ಸರಿ.

ಯಾವ ಚಾಕು ತಗೊಂಡರೂ ನೀರಿಲ್ಲದ ಮೋಟಾರ್ ಗ್ರೈಂಡರಿಗೆ ಮಾತ್ರ ಕೊಡಬೇಡಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅಲ್ಲಿ ಹದ ಹೋಯಿತು, ಆ ಜಾಗ ಮತ್ತೆ ಹರಿತ ಹಿಡಿಯುವುದಿಲ್ಲ. ದಪ್ಪ ಗಾಜಿನ ಮೇಲೆ 400, 1000, 2000 ನಂಬರಿನ ವಾಟರ್ ಪೇಪರ್ ಇಟ್ಟು ಉಜ್ಜಿದರೆ ಸ್ಕ್ಯಾಂಡಿಗೆ ಬೇರೆ ಕಲ್ಲೇ ಬೇಡ. ಕಾನ್ವೆಕ್ಸ್ ಆದರೆ ಅದೇ ಪೇಪರನ್ನು ಹಳೆಯ ಮೌಸ್ ಪ್ಯಾಡ್ ಮೇಲೆ ಇಡಿ, ಬಾಯಿಯನ್ನು ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ತಳ್ಳಬೇಡಿ.

ಕಾನೂನಿನ ವಿಷಯ ಚಿಕ್ಕದು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಕಂಪ್ಯಾನಿಯನ್ ಸುಮಾರು 4 ಇಂಚಿನದು. ಹಾಗಂತ ಪೇಟೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತಿರುಗಬೇಡಿ, ಬ್ಯಾಗಿನೊಳಗೆ ಇರಲಿ. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಾಗಲಿ ದಾಂಡೇಲಿ ಕಾಡಿನಲ್ಲಾಗಲಿ ಬಿದ್ದ ಕಟ್ಟಿಗೆಗೂ ಕೈ ಹಾಕಬೇಡಿ, ಅರಣ್ಯ ಇಲಾಖೆಯವರು ಸುಮ್ನೆ ಬಿಡುವುದಿಲ್ಲ. ಖಾಸಗಿ ಹೊಲ, ತೋಟದಲ್ಲಿ ಮಾಲೀಕರನ್ನು ಕೇಳಿ ಟೆಂಟ್ ಹಾಕಿದರೆ ಕೆತ್ತಲು ಬೇಕಾದಷ್ಟು ಕಟ್ಟಿಗೆ ಸಿಗುತ್ತದೆ.