ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಕ್ಯಾನ್ಸರ್ ಪೂರ್ತಿ ಹೋಗುತ್ತದೆಯೇ?

ಕುಮಟಾದಿಂದ ಬರೆದಿರುವ ತಾವು, ತಂದೆಯವರ ದೊಡ್ಡ ಕರುಳಿನ ಬಲಭಾಗದ ಗಡ್ಡೆಗೆ ವೈದ್ಯರು ಲ್ಯಾಪರೊಸ್ಕೋಪಿ ಸೂಚಿಸಿದ್ದಾರೆಂದೂ, ಹೊಟ್ಟೆ ಪೂರ್ತಿ ತೆರೆಯದಿದ್ದರೆ ಬೇರು ಒಳಗೇ ಉಳಿಯುತ್ತದೆಂದು ನೆಂಟರು ಹೇಳುತ್ತಿದ್ದಾರೆಂದೂ ತಿಳಿಸಿದ್ದೀರಿ. ನಾನು ವೈದ್ಯನಲ್ಲ, ಶಿರಸಿಯವನು. ನನ್ನ ಆಯಿಗೆ ಇದೇ ಶಸ್ತ್ರಚಿಕಿತ್ಸೆ ಆದಾಗ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ರಂಧ್ರಗಳಿರುವುದು ಕ್ಯಾಮೆರಾ ಮತ್ತು ಉಪಕರಣಗಳಿಗೆ ಮಾತ್ರ. ಗಡ್ಡೆ, ಅದರ ಎರಡೂ ಬದಿಯ ಆರೋಗ್ಯವಂತ ಕರುಳು, ಅಲ್ಲಿಗೆ ರಕ್ತ ಒಯ್ಯುವ ನಾಳಗಳ ಜೊತೆಗಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್, ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು), ಇವೆಲ್ಲವನ್ನೂ ಒಂದೇ ತುಂಡಾಗಿ ಬಿಡಿಸಿ, ಕೆಲವೇ ಸೆಂಟಿಮೀಟರ್ ಉದ್ದದ ಬೇರೊಂದು ಗಾಯದ ಮೂಲಕ ಹೊರತೆಗೆಯುತ್ತಾರೆ. ಒಳಗೆ ಕತ್ತರಿಸುವ ಭಾಗ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ ಇರಬೇಕು.

ತಮ್ಮ ನೆಂಟರ ಭಯ ಬುಡವಿಲ್ಲದ್ದಲ್ಲ. 1990ರ ದಶಕದಲ್ಲಿ ಈ ವಿಧಾನ ಹೊಸದಾಗಿದ್ದಾಗ, ರಂಧ್ರ ಮಾಡಿದ ಜಾಗದಲ್ಲೇ ಕ್ಯಾನ್ಸರ್ ಮರುಕಳಿಸಿದ ಪ್ರಕರಣಗಳು ವರದಿಯಾಗಿ ಶಸ್ತ್ರಚಿಕಿತ್ಸಕರೇ ಹಿಂಜರಿದಿದ್ದರು. ಆ ಅನುಮಾನವನ್ನು ಪರೀಕ್ಷಿಸಲೆಂದೇ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 872 ರೋಗಿಗಳಿದ್ದರು. ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಲ್ಯಾಪರೊಸ್ಕೋಪಿಯಾದವರಲ್ಲಿ ಶೇ 16, ಹೊಟ್ಟೆ ತೆರೆದವರಲ್ಲಿ ಶೇ 18. ಅಂದರೆ ಗಣನೀಯ ವ್ಯತ್ಯಾಸವಿರಲಿಲ್ಲ. ಗುದನಾಳದ ಗಡ್ಡೆಯ ಲೆಕ್ಕ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಅದೇ ಅಧ್ಯಯನದಲ್ಲಿ ಲ್ಯಾಪರೊಸ್ಕೋಪಿಗೆ ಒಳಗಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ನಡುವೆಯೇ ಹೊಟ್ಟೆ ತೆರೆಯಬೇಕಾಯಿತು. ಇದನ್ನು ಸೋಲೆಂದು ಎಣಿಸದೆ, ಅಗತ್ಯ ಬಿದ್ದರೆ ತೆರೆಯಿರಿ ಎಂದು ಮೊದಲೇ ಒಪ್ಪಿಗೆ ಕೊಡಿ. ನನ್ನ ದೃಷ್ಟಿಯಲ್ಲಿ ತಾವು ಕೇಳಲೇಬೇಕಾದದ್ದು ರಂಧ್ರ ಎಷ್ಟು ಎಂದಲ್ಲ, ಕರುಳಿನ ಕ್ಯಾನ್ಸರಿಗೆ ಈ ವಿಧಾನವನ್ನು ಆ ವೈದ್ಯರು ಎಷ್ಟು ಬಾರಿ ಮಾಡಿದ್ದಾರೆ ಎಂಬುದನ್ನು. ಅದಕ್ಕಾಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಾದರೂ ಹೋಗಿ.

ನೋವು ಕಡಿಮೆಯಿರುತ್ತದೆ, ನಿಜ. ಆದರೆ ಆಯಿಗೆ ಎರಡು ದಿನ ಭುಜ ನೋಯುತ್ತಿತ್ತು. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಗೆ ತುಂಬಿದ ಅನಿಲ, ಎದೆ ಮತ್ತು ಹೊಟ್ಟೆಯ ನಡುವಿನ ಪೊರೆಯಾದ ವಪೆಯನ್ನು ಕೆರಳಿಸುವುದರಿಂದ ಹಾಗಾಗುತ್ತದೆಂದು ವೈದ್ಯರು ವಿವರಿಸಿದ ಮೇಲೆ ನಮಗೆ ಸಮಾಧಾನವಾಯಿತು. ಗಾಯ ಚಿಕ್ಕದೆಂದು ಮನೆಗೆ ಅವಸರಪಡಬೇಡಿ, ಏಕೆಂದರೆ ಒಳಗೆ ಕರುಳನ್ನು ಕತ್ತರಿಸಿ ಸೇರಿಸಿದ ಜೋಡಣೆ ಸೋರುವ ಅಪಾಯ ಎರಡೂ ವಿಧಾನಗಳಲ್ಲಿದೆ. ಜ್ವರ, ಹೊಟ್ಟೆಯುಬ್ಬರ, ಹೆಚ್ಚುವ ನೋವು ಕಂಡರೆ ತಡಮಾಡದೆ ಅದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಭಾಗದ ಬಯಾಪ್ಸಿ ವರದಿ ಬಂದಾಗ ಎಷ್ಟು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದ್ದಾರೆಂದು ನೋಡಿ. ಕನಿಷ್ಠ 12 ಇರಬೇಕೆಂಬುದು ರೂಢಿ. ಅವುಗಳಲ್ಲಿ ರೋಗ ಕಂಡಿದೆಯೇ ಎಂಬುದರ ಮೇಲೆ ಮುಂದಿನ ಕಿಮೊಥೆರಪಿಯ ನಿರ್ಧಾರ ಬಹುಮಟ್ಟಿಗೆ ನಿಂತಿರುತ್ತದೆ.