ದಸರೆಗೆ ನೆಂಟರು, ಫ್ರೀಜರ್‌ನಲ್ಲಿ ಇಡ್ಲಿ

ದಸರಾ ರಜೆಗೆ ಮಂಡ್ಯದಿಂದ 10 ಜನ ಬರುತ್ತಾರೆ, ಇಡ್ಲಿ ಹಿಟ್ಟನ್ನು ಮೊದಲೇ ರುಬ್ಬಿ ಫ್ರೀಜರ್‌ನಲ್ಲಿ ಇಡಬಹುದಾ ಎಂದು ಕೇಳಿದ್ದೀರಿ. ಹಿಟ್ಟು ಬೇಡ, ಬೆಂದ ಇಡ್ಲಿಯನ್ನೇ ಇಡಿ. ಹಿಟ್ಟಿನ ಉಬ್ಬು ಇಳಿದುಹೋಗುತ್ತದೆ, ನಮ್ಮ ಮನೆಯಲ್ಲಿ ಒಂದು ಸಲ ಹಾಗಾಗಿ ಕೊನೆಗೆ ಎಲ್ಲರಿಗೂ ದೋಸೆ ಹೊಯ್ದು ಹೇಗೋ ಮಾನ ಉಳಿಸಿಕೊಂಡೆ.

ಇಡ್ಲಿ ಪೂರ್ತಿ ಆರಲಿ. ಬಿಸಿ ಇರುವಾಗಲೇ ಮುಚ್ಚಿದರೆ ಆವಿ ನೀರಾಗಿ, ಆಮೇಲೆ ಐಸ್ ಆಗಿ ಇಡ್ಲಿ ಮೇಲೆ ಕೂರುತ್ತದೆ. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಫ್ರೀಜರ್‌ನಲ್ಲಿಡಿ, ಕಲ್ಲಿನಂತಾದ ಮೇಲೆ ಕವರಿಗೆ ತುಂಬಿ ಗಾಳಿ ತೆಗೆದು ಕಟ್ಟಿ. ಜಂಬೂಸವಾರಿ ದಿನ ಬೆಳಗ್ಗೆ ಕರಗಿಸುವ ಗೋಜೇ ಬೇಡ, ನೇರವಾಗಿ ಇಡ್ಲಿ ಪಾತ್ರೆಗೆ ಹಾಕಿ 10 ನಿಮಿಷ ಹಬೆ ಕೊಟ್ಟರೆ ಸಾಕು. ನಾನು 2 ವಾರದೊಳಗೆ ಮುಗಿಸುತ್ತೇನೆ. ಒತ್ತು ಶಾವಿಗೆಯೂ ಹೀಗೇ.

ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಬೇಡ, ನೀರು ಬಿಟ್ಟುಕೊಳ್ಳುತ್ತವೆ. ಕಾಯಿತುರಿ ಮಾತ್ರ ಚೆನ್ನಾಗಿ ಇರುತ್ತದೆ, ಚಟ್ನಿ ಅವತ್ತೇ ರುಬ್ಬಿಕೊಳ್ಳಿ. ಅಕ್ಕಿ ರೊಟ್ಟಿ ಫ್ರೀಜರ್‌ಗೆ ಹಾಕಿ ಸುಮ್ನೆ ಕೆಡಿಸಬೇಡಿ, ಚಪ್ಪಲಿ ಹಾಗಾಗುತ್ತದೆ. ಇನ್ನು ಉಪ್ಪಿಟ್ಟಿಗೆ ಫ್ರೀಜರ್ ಯಾಕೆ ಅಲ್ವಾ? ರವೆಯನ್ನು ಹುರಿದು ಡಬ್ಬಿಗೆ ಹಾಕಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಕರೆಂಟ್ ಜಾಸ್ತಿ ಹೊತ್ತು ಹೋಗಿ ಇಡ್ಲಿ ಮೆತ್ತಗಾದರೆ ಮತ್ತೆ ಫ್ರೀಜ್ ಮಾಡಬೇಡಿ. ಇನ್ನೂ ತಣ್ಣಗಿದ್ದರೆ ಪುಡಿ ಮಾಡಿ, ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿ ಅವತ್ತೇ ಇಡ್ಲಿ ಉಪ್ಪಿಟ್ಟು ಮಾಡಿಬಿಡಿ. ನಮ್ಮ ಮಕ್ಕಳು ಇಡ್ಲಿಗಿಂತ ಅದನ್ನೇ ಜಾಸ್ತಿ ತಿನ್ನುತ್ತಾರೆ.